ಕುಲಪತಿ ಬರೆಯದ ಉತ್ತರಗಳು

ಪದಬಂಧದ ಕೊನೆಯ ಮನೆಗಾಗಿ ಅತ್ತಿಗೆ ನಾದಿನಿ ಕಿತ್ತಾಡುತ್ತಿದ್ದಾಗ ಕರೆಗಂಟೆ ಬಡಿದುಕೊಂಡಿತು. ನಾದಿನಿ ಬಾಗಿಲು ತೆಗೆದರೆ, ಹೊರಗೆ ವಿಶ್ವವಿದ್ಯಾಲಯದ ಮಾಧ್ಯಮ ಅಧಿಕಾರಿ ನಿಂತಿದ್ದಳು. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

“ಮೇಡಂ, ಇವತ್ತು ಸಂಜೆಯೊಳಗೆ ನನ್ನ ಕೆಲಸ ಹೋಗುತ್ತೆ. ನಾನು ಮಾಡದೇ ಇರೋ ತಪ್ಪಿಗೆ,” ಎಂದವಳೇ ಕುರ್ಚಿಯಲ್ಲಿ ಕುಸಿದಳು.

ನಾದಿನಿಗೆ ಇದು ಹೊಸದಲ್ಲ. ಅತ್ತಿಗೆ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ನಕಲು ಪತ್ತೆ ದಳದ ಮುಖ್ಯಸ್ಥೆಯಾಗಿದ್ದು ನಿವೃತ್ತಿಯಾದವರು. ನಿವೃತ್ತಿಯಾದ ಮೇಲೂ ಅದರ ಹಿಂಬದಿ ಗೇಟಿನ ಎದುರಿಗೇ ಮನೆ ಮಾಡಿಕೊಂಡಿದ್ದರಿಂದ, ಅಲ್ಲಿ ಯಾವ ಗಂಟು ಬಿದ್ದರೂ ಬಿಡಿಸಲು ಇಲ್ಲಿಗೇ ಬರುತ್ತಿದ್ದರು. ನಾದಿನಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಅತ್ತಿಗೆ ಹೋದಲ್ಲೆಲ್ಲ ಕಾರು ಅವಳದು, ಪೆಟ್ರೋಲೂ ಅವಳದೇ. ಆ ಬಗ್ಗೆ ಗೊಣಗುತ್ತಿದ್ದಳು, ಆದರೆ ಒಂದು ಪ್ರಕರಣವನ್ನೂ ತಪ್ಪಿಸಿಕೊಂಡವಳಲ್ಲ.

ಹುಡುಗಿ ನೀರು ಕುಡಿದು ಹೇಳಿದಳು. ಸಾಮಾಜಿಕ ಜಾಲತಾಣದಲ್ಲಿ ಕುಲಪತಿಯವರ ಹೆಸರಲ್ಲಿ ಒಂದು ಖಾತೆಯಿದೆ. ಹೂಗುಚ್ಛ ಹಿಡಿದ ಫೋಟೊ, ಫಲಕದ ಪರದೆ ಸರಿಸುವ ಫೋಟೊ, ವೇದಿಕೆಯ ಮೇಲೆ ಸಾಲಾಗಿ ಕೂತ ಫೋಟೊ, ಇವನ್ನು ಹಾಕುವುದು ಅವಳ ಕೆಲಸ. ಫೋಟೊಗಳ ಕೆಳಗೆ ವಿದ್ಯಾರ್ಥಿಗಳು ಪ್ರಶ್ನೆ ಬರೆಯುತ್ತಾರೆ. ಯಾವುದಕ್ಕೂ ಉತ್ತರಿಸಕೂಡದೆಂದು ಕುಲಪತಿಯವರ ಕಟ್ಟಪ್ಪಣೆ. ಆದರೆ ಸುಮಾರು ಒಂದು ತಿಂಗಳಿಂದ ಆ ಖಾತೆಯಿಂದಲೇ ಯಾರೋ ಉತ್ತರಿಸುತ್ತಿದ್ದಾರೆ!

“ನಾನೂ ನೋಡ್ದೆ ಮೇಡಂ. ಸರ್ ಮನಸ್ಸು ಬದಲಾಯಿಸಿದ್ದಾರೆ ಅಂದ್ಕೊಂಡು ಖುಷಿಪಟ್ಟೆ. ಅವರೋ ಆ ಖಾತೆ ತೆಗೆದೇ ನೋಡಲ್ಲ. ಮೊನ್ನೆ ಯಾರೋ ‘ಸಂಜೆ ತರಗತಿ ಮುಚ್ತಾರಾ’ ಅಂತ ಕೇಳಿದ್ದಕ್ಕೆ, ‘ಗುರುವಾರ ಮಧ್ಯಾಹ್ನ ಮುಖ್ಯ ಕಟ್ಟಡದ ಮೆಟ್ಟಿಲ ಹತ್ತಿರ ಬನ್ನಿ, ನಾನೇ ಉತ್ತರಿಸುತ್ತೇನೆ’ ಅಂತ ಬಂತು. ಇವತ್ತೇ ಗುರುವಾರ. ಹಗಲೆಲ್ಲ ದುಡಿದು ಸಂಜೆ ಓದೋರು ರಜೆ ಹಾಕಿ ಬರ್ತಿದ್ದಾರೆ. ಸುದ್ದಿ ಕಿವಿಗೆ ಬಿದ್ದು ಸರ್ ಕೆಂಡವಾಗಿದ್ದಾರೆ.”

“ಬೇರೆ ಉತ್ತರಗಳನ್ನ ಓದು, ಕೇಳೋಣ,” ಎಂದರು ಅತ್ತಿಗೆ.

ಹುಡುಗಿ ಫೋನು ತೆಗೆದು ಓದಿದಳು. ಗ್ರಂಥಾಲಯದ ಓದುವ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತದೆಂದು ಒಬ್ಬರ ದೂರು: ‘ನಾಳೆ ಹೊಸ ಫ್ಯಾನು ಬರುತ್ತದೆ. ಇವತ್ತೊಂದು ದಿನ ಕಿಟಕಿ ಪಕ್ಕ ಕೂರಿ.’ ಬಸ್ ತಂಗುದಾಣ ಕತ್ತಲೆ ಎಂದದ್ದಕ್ಕೆ: ‘ಕ್ಷಮಿಸಿ. ಈ ವಾರವೇ ದೀಪ ಹಾಕಿಸುತ್ತೇನೆ.’ ಗುರುತಿನ ಚೀಟಿ ಕಳೆದಿದೆ, ಪರೀಕ್ಷೆ ಹತ್ತಿರ ಬಂತು, ಕೈಕಾಲು ಆಡುತ್ತಿಲ್ಲ ಎಂದವಳಿಗೆ: ‘ಭಯ ಬೇಡ. ಅರ್ಜಿ ಕೊಟ್ಟ ದಿನವೇ ಹೊಸ ಚೀಟಿ ಸಿಗುತ್ತದೆ.’

“ಸಿಕ್ತಾ?”

“ಏನು ಮೇಡಂ?”

“ಚೀಟಿ.”

“ಸಿಕ್ತಂತೆ.”

“ಫ್ಯಾನು?”

“ತಿರುಗ್ತಿದೆ,” ಎಂದ ಹುಡುಗಿ ತಡೆಯಲಾರದೆ ನಕ್ಕಳು. “ಅದೂ ಸದ್ದಿಲ್ಲದೆ.”

ಅತ್ತಿಗೆ ಪದಬಂಧ ಮಡಚಿಟ್ಟು ಚಪ್ಪಲಿ ಮೆಟ್ಟಿದರು. “ಕಾರು ತೆಗಿಯೇ.”

ತಂಗುದಾಣದ ಮುಂದೆ ಕಾರು ನಿಧಾನಿಸಿದಾಗ ನಾದಿನಿ ಅಲ್ಲಿನ ಹೊಸ ದೀಪ ನೋಡಿದಳು. ಆರಿಸಲು ಮರೆತು, ಹಗಲಲ್ಲೂ ಉರಿಯುತ್ತಿತ್ತು. ಹುಡುಗಿಯ ಮೇಲೆ ಅವಳಿಗೆ ಒಳಗೊಳಗೇ ಅನುಮಾನ ಸುಳಿದಿತ್ತು. ಖಾತೆಯ ಗುಪ್ತಪದ ಗೊತ್ತಿರುವವಳು, ಬರೆಯಬಲ್ಲವಳು, ಮನಸ್ಸೂ ಒಳ್ಳೆಯದು. ಪಾಪ, ಒಳ್ಳೆಯದು ಮಾಡಲು ಹೋಗಿ ಸಿಕ್ಕಿಬಿದ್ದಿದ್ದಾಳೋ ಏನೋ ಅಂದುಕೊಂಡಳು.

ತಮ್ಮ ಕೋಣೆಯಲ್ಲಿ ಕುಲಪತಿಯವರು ಆ ಅನುಮಾನವನ್ನು ಬಾಯಿಬಿಟ್ಟೇ ಹೇಳಿದರು. “ಗುಪ್ತಪದ ಗೊತ್ತಿರೋದು ಇಬ್ಬರಿಗೇ ಮೇಡಂ. ಒಬ್ಬರು ನನ್ನ ಆಪ್ತ ಕಾರ್ಯದರ್ಶಿ. ನನ್ನ ಕೇಳದೆ ಅವರು ಕಿಟಕೀನೂ ತೆಗೆಯಲ್ಲ. ಇನ್ನೊಬ್ಬಳು ಇವಳು. ‘ಉತ್ತರ ಕೊಡೋಣ ಸರ್’ ಅಂತ ತುಂಬಿದ ಸಭೇಲಿ ನನ್ನ ಜೊತೆ ವಾದಕ್ಕೆ ನಿಂತವಳೂ ಇವಳೇ. ಇನ್ನೇನು ಬೇಕು?”

ಬಾಗಿಲ ಬಳಿ ನಿಂತಿದ್ದ ಆಪ್ತ ಕಾರ್ಯದರ್ಶಿ ಹೌದೆಂದು ಜೋರಾಗಿ ತಲೆಯಾಡಿಸಿದರು.

“ಇವಳನ್ನ ತೆಗೆಯೋ ಆದೇಶ ಆಯ್ತಾ?” ಎಂದು ಕೇಳಿದರು ಅತ್ತಿಗೆ.

“ಮೊನ್ನೆಯೇ ರಿಜಿಸ್ಟ್ರಾರ್‌ಗೆ ಹೇಳಿದ್ದೀನಿ. ಇನ್ನೂ ಬಂದಿಲ್ಲ.”

ರಿಜಿಸ್ಟ್ರಾರರ ಕೋಣೆ ಪಕ್ಕದಲ್ಲೇ. ನಗು ಎಂದರೆ ಏನೆಂದು ಗೊತ್ತಿಲ್ಲದ ಗಂಟುಮುಖದ ಮನುಷ್ಯ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ‘ಚಿಲಕ’ ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಯಾವ ಕಡತವೂ ಒಂದು ರಾತ್ರಿ ಕಳೆಯುವುದಿಲ್ಲವೆಂದು ಹೆಸರು. ಈಗ ಆ ಖಾಲಿ ಮೇಜಿನ ನಟ್ಟನಡುವೆ ಒಂದೇ ಹಾಳೆಯಿತ್ತು, ಸಹಿಯಿಲ್ಲದೆ.

“ಪರಿಶೀಲನೆಯಲ್ಲಿದೆ,” ಎಂದರು ರಿಜಿಸ್ಟ್ರಾರರು, ಗೋಡೆ ನೋಡುತ್ತಾ.

ಅವರ ಬೆನ್ನ ಹಿಂದೆ ಗಾಜಿನ ಬೀರು. ವಿಶ್ವವಿದ್ಯಾಲಯದಲ್ಲಿ ಯಾವ ಬೀಗ ಬಂದರೂ ಅದರ ಎರಡನೆಯ ಕೀಲಿಕೈ ರಿಜಿಸ್ಟ್ರಾರರ ಬೀರುವಿಗೆ ಸೇರಬೇಕೆಂಬುದು ಮೊದಲಿನಿಂದ ಬಂದ ಕಟ್ಟಳೆ. ಸಾಲುಸಾಲು ಕೊಕ್ಕೆಗಳಲ್ಲಿ ಬೀಗದ ಕೈಗಳು ಧೂಳು ಹೊತ್ತು ನೇತಾಡುತ್ತಿದ್ದವು. ದಿನವಿಡೀ ಕಾರಿನ ಕೀ ಹುಡುಕುವವಳಾದ್ದರಿಂದ ನಾದಿನಿಯ ಕಣ್ಣು ಅಲ್ಲಿಗೇ ಹೋಯಿತು. ಒಂದು ಕೊಕ್ಕೆಯಲ್ಲಿ ಬೀಗದ ಕೈಯ ಬದಲು ದಾರ ಕಟ್ಟಿದ ಪುಟ್ಟ ಕವರು ಇತ್ತು. ಅದರ ಮೇಲೆ ಮಾತ್ರ ಧೂಳಿರಲಿಲ್ಲ. ಅವಳು ಅತ್ತಿಗೆಯ ಮೊಣಕೈ ತಿವಿದಳು. ಅತ್ತಿಗೆ ಆಗಲೇ ನೋಡಿಯಾಗಿತ್ತು.

“ಎಲ್ಲರೂ ಕುಲಪತಿಗಳ ಕೋಣೆಗೆ ಬನ್ನಿ,” ಎಂದರು ಅತ್ತಿಗೆ. “ಮೆಟ್ಟಿಲ ಹತ್ತಿರ ಜನ ಸೇರೋ ಮೊದಲು ಇದನ್ನ ಮುಗಿಸೋಣ.”

ಜನ ಆಗಲೇ ಸೇರುತ್ತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. ಕೆಲವರು ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದರು, ಒಬ್ಬಾಕೆ ಸೊಂಟದ ಮೇಲೆ ಮಗು ಎತ್ತಿಕೊಂಡಿದ್ದಳು. ಕುಲಪತಿಯವರು ಪರದೆ ಎಳೆದರು. ಹುಡುಗಿ ಮೂಲೆಯಲ್ಲಿ ತುಟಿ ಕಚ್ಚಿ ನಿಂತಿದ್ದಳು.

“ಪರೀಕ್ಷಾ ಕೋಣೇಲಿ ನಾನು ಯಾವತ್ತೂ ಮಕ್ಕಳ ಕೈ ನೋಡ್ತಿರಲಿಲ್ಲ,” ಎಂದು ಶುರುಮಾಡಿದರು ಅತ್ತಿಗೆ. “ಉತ್ತರ ನೋಡ್ತಿದ್ದೆ. ಈ ಉತ್ತರ ಇವರಿಂದ ಬರೋಕೆ ಸಾಧ್ಯಾನಾ ಅಂತ. ಇಲ್ಲೂ ಅಷ್ಟೇ. ಫ್ಯಾನು ಬರುತ್ತೆ ಅಂತ ಯಾರು ಬೇಕಾದ್ರೂ ಬರೀಬಹುದು. ಆದ್ರೆ ಫ್ಯಾನು ಬಂತು. ದೀಪ ಹತ್ತಿತು. ಚೀಟಿ ಸಿಕ್ತು. ಏನಮ್ಮಾ, ನೀನು ಹೇಳಿದ್ರೆ ಇಲ್ಲಿ ಫ್ಯಾನು ಬದಲಾಗುತ್ತಾ?”

“ನಾನು ಹೇಳಿದ್ರೆ ನನ್ನ ಕುರ್ಚಿ ಕಾಲೂ ರಿಪೇರಿ ಆಗಲ್ಲ ಮೇಡಂ.”

“ಕಾರ್ಯದರ್ಶಿಗಳು ಹೇಳಿದ್ರೂ ಆಗಲ್ಲ. ಕುಲಪತಿಗಳು ಹೇಳೇ ಇಲ್ಲ. ಹಾಗಾದ್ರೆ ಇದಕ್ಕೆಲ್ಲ ಸಹಿ ಹಾಕೋರು ಯಾರು? ಇನ್ನೊಂದು ಮಾತು. ಒಂದೇ ಒಂದು ಪ್ರಶ್ನೆಗೆ ಆ ಕೈ ತಾನಾಗಿ ಉತ್ತರ ಕೊಡಲಿಲ್ಲ. ಸಂಜೆ ತರಗತಿದು. ಅದನ್ನ ಕುಲಪತಿಗಳ ಕಡೆಗೆ ಕಳಿಸ್ತು. ಯಾಕಂದ್ರೆ ಅಲ್ಲಿಗೆ ಆ ಕೈಯ ಸಹಿಯ ಅಧಿಕಾರ ಮುಗೀತು. ಸರ್, ಗುಪ್ತಪದ ಇಬ್ಬರ ಹತ್ತಿರ ಮಾತ್ರ ಇದೆ ಅಂದ್ರಿ. ಖಾತೆ ತೆರೆದಾಗ ಅದನ್ನೂ ಬೀಗದ ಕೈ ಅಂತಲೇ ಲೆಕ್ಕ ಹಿಡಿದು, ಕವರಲ್ಲಿಟ್ಟು ರಿಜಿಸ್ಟ್ರಾರರ ಬೀರುವಿಗೆ ಕಳಿಸಿದ್ದು ಮರೆತಿರಿ. ಆ ಬೀರುವಲ್ಲಿ ಧೂಳು ಕೂತಿಲ್ಲದ್ದು ಆ ಕವರೊಂದೇ. ಕೊನೇದಾಗಿ, ಕಡತ ಕೊಳೆಸದ ಮನುಷ್ಯ ಒಂದು ಹಾಳೆಗೆ ಸಹಿ ಹಾಕೋಕೆ ಮೊನ್ನೆಯಿಂದ ಒದ್ದಾಡ್ತಿದ್ದಾರೆ. ತನ್ನಿಂದಾಗಿ ಒಂದು ಹುಡುಗಿ ಅನ್ನ ಕಳ್ಕೊಳ್ಳೋದು ಅವರಿಗೆ ಸಹಿಸೋಕೆ ಆಗ್ತಿಲ್ಲ.”

ಎಲ್ಲರೂ ರಿಜಿಸ್ಟ್ರಾರರ ಕಡೆ ತಿರುಗಿದರು. ನಾದಿನಿ ಬಾಯಿ ಬಿಟ್ಟುಕೊಂಡೇ ನಿಂತಳು. ಚಿಲಕವೇ?

“ನಾನೇ,” ಎಂದರು ಅವರು. “ಇವತ್ತು ಆ ಆದೇಶದ ಬದಲು ನನ್ನ ರಾಜೀನಾಮೆ ಕೊಡೋಣ ಅಂತಿದ್ದೆ.” ಆಮೇಲೆ ಕುಲಪತಿಯವರ ಕಡೆ ತಿರುಗಿದರು. “ನನ್ನ ಬಾಗಿಲು ಯಾರೂ ತಟ್ಟಲ್ಲ ಸರ್. ನನ್ನ ಮುಖ ನೋಡಿದ್ರೆ ಮಕ್ಕಳು ಕಾರಿಡಾರಿನ ಆ ಕಡೆ ದಾಟ್ತಾರೆ. ಒಂದಿನ ನಿಮ್ಮ ಫೋಟೊ ಕೆಳಗೆ ಆ ಗುರುತಿನ ಚೀಟಿ ಪ್ರಶ್ನೆ ನೋಡ್ದೆ. ಐದು ನಿಮಿಷದ ಕೆಲಸ. ಕೇಳೋಕೆ ನನ್ನ ಹತ್ತಿರ ಬರೋ ಧೈರ್ಯ ಆ ಹುಡುಗೀಗಿರಲಿಲ್ಲ. ಬರೆದುಬಿಟ್ಟೆ. ಆಮೇಲೆ ಬಿಡೋಕಾಗಲಿಲ್ಲ.”

ಕುಲಪತಿಯವರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹುಡುಗಿಯ ಫೋನು ಇಸಿದುಕೊಂಡು ಅವರ ಮುಂದೆ ಹಿಡಿದರು. “ಬೈಯೋದು ಇದ್ದೇ ಇದೆ. ಮೊದಲು ಓದಿ.”

ಕುಲಪತಿಯವರು ತಮ್ಮದೇ ಖಾತೆಯನ್ನು ಮೊದಲ ಸಲ ಓದಿದರು. ‘ಸರ್, ನೀವು ಉತ್ತರಿಸದಿದ್ದರೆ ನಾನು ಪರೀಕ್ಷೆಯನ್ನೇ ಬಿಡುತ್ತಿದ್ದೆ.’ ‘ಸರ್, ಈಗ ನಮ್ಮಮ್ಮ ತಂಗುದಾಣಕ್ಕೆ ಬಂದು ಕಾಯುವುದಿಲ್ಲ, ದೀಪ ಇದೆಯಲ್ಲ ಅಂತಾರೆ.’ ಅವರು ಓದುತ್ತಾ ಹೋದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಇದೆಲ್ಲ ನನಗೆ ಸೇರಬೇಕಾದ್ದಲ್ಲ,” ಎಂದರು ಕೊನೆಗೆ. ದನಿ ಇಳಿದಿತ್ತು. “ಮೇಡಂ, ನಿಜ ಹೇಳ್ತೀನಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದ್ರೆ ಮರ್ಯಾದೆ ಹೋಗುತ್ತೆ ಅಂತ ನನಗೆ ಭಯ. ಸಂಜೆ ತರಗತಿದೂ ಇನ್ನೂ ತೀರ್ಮಾನ ಆಗಿಲ್ಲ. ಏನಂತ ಹೇಳಲಿ?”

“ತೀರ್ಮಾನ ಆಗಿಲ್ಲ ಅಂತಲೇ ಹೇಳಿ. ಯಾವಾಗ ಆಗುತ್ತೆ, ಅವರ ಮಾತು ಕೇಳ್ತೀರೋ ಇಲ್ವೋ ಅದನ್ನೂ ಹೇಳಿ. ಹೇಳಿದಷ್ಟನ್ನ ಮಾಡಿ. ಇವರು ಮಾಡಿದ್ದು ಅಷ್ಟೇ ತಾನೆ?” ಅತ್ತಿಗೆ ರಿಜಿಸ್ಟ್ರಾರರ ಕಡೆ ತಿರುಗಿದರು. “ಆದ್ರೆ ಸ್ವಾಮಿ, ಇನ್ನೊಬ್ಬರ ಹೆಸರಲ್ಲಿ ಬರೆದ್ರಿ. ಉತ್ತರ ಎಷ್ಟೇ ಚೆನ್ನಾಗಿದ್ರೂ ನಕಲು ನಕಲೇ. ನನ್ನ ಕೈಗೆ ಸಿಕ್ಕಿದ್ರಿ, ಬಿಡಲ್ಲ. ಇವತ್ತೇ ನಿಮ್ಮ ಹೆಸರು ಹೊರಗೆ ಬರಬೇಕು.”

ಕುಲಪತಿಯವರು ಮೇಜಿನ ಮುಂದೆ ಕೂತು, ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದರು. ತಿದ್ದಲು ಬಂದ ಹುಡುಗಿಗೆ “ಬೇಡಮ್ಮ, ಹೀಗೇ ಇರಲಿ” ಎಂದರು. ಹೂಗುಚ್ಛವಿಲ್ಲದ, ಫೋಟೊವೇ ಇಲ್ಲದ ಅವರ ಮೊದಲ ಬರಹ ಹೀಗಿತ್ತು: ‘ಇಷ್ಟು ದಿನ ಇಲ್ಲಿ ಉತ್ತರಿಸಿದ್ದು ನಾನಲ್ಲ, ನಮ್ಮ ರಿಜಿಸ್ಟ್ರಾರ್. ಉತ್ತರಿಸಬೇಕಾಗಿದ್ದದ್ದು ನಾನು. ಮೆಟ್ಟಿಲ ಹತ್ತಿರ ಬರುತ್ತಿದ್ದೇನೆ.’

ಆಮೇಲೆ ರಿಜಿಸ್ಟ್ರಾರರ ಜೊತೆ ಅವರ ಮೇಜಿಗೆ ಹೋಗಿ ಆ ಸಹಿಯಿಲ್ಲದ ಹಾಳೆಯನ್ನು ತಾವೇ ಹರಿದರು. “ರಾಜೀನಾಮೆ ಗೀಜಿನಾಮೆ ಅಂದ್ರೆ ಅದನ್ನೂ ಹರೀತೀನಿ,” ಎಂದು ಅವರಿಗೆ ಗದರಿದರು. “ಬಾಮ್ಮಾ,” ಎಂದು ಹುಡುಗಿಯನ್ನು ಕರೆದುಕೊಂಡು ಮೆಟ್ಟಿಲಿಳಿದರು. ಕಿಟಕಿಯ ಪರದೆ ಸರಿಸಿದ ನಾದಿನಿಗೆ, ಅವರು ಜನರ ನಡುವೆ ಕಲ್ಲಿನ ಮೆಟ್ಟಿಲ ಮೇಲೇ ಕೂತದ್ದು ಕಂಡಿತು. ಮಗುವಿನ ತಾಯಿ ಏನೋ ಕೇಳುತ್ತಿದ್ದಳು, ಅವರು ತಲೆಬಾಗಿ ಕೇಳಿಸಿಕೊಳ್ಳುತ್ತಿದ್ದರು. ಹುಡುಗಿ ಫೋಟೊ ತೆಗೆಯದೆ, ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದಳು.

ರಿಜಿಸ್ಟ್ರಾರರು ಮಾತ್ರ ತಮ್ಮ ಕೋಣೆಯಲ್ಲೇ ಉಳಿದು, ಖಾಲಿ ಮೇಜಿನ ಮುಂದೆ ಕೂತಿದ್ದರು. ಅತ್ತಿಗೆ ನಾದಿನಿ ಅವರಿಗೆ ಹೇಳಿ ಹೊರಡಲು ಬಂದು ನಿಂತಾಗ ಹಿಂದಿನಿಂದ ಬಾಗಿಲು ತಟ್ಟಿದ ಸದ್ದಾಯಿತು. ಒಬ್ಬ ವಿದ್ಯಾರ್ಥಿನಿ ಫೋನು ಹಿಡಿದು ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು, ಓಡಿ ಬಂದಿದ್ದಿರಬೇಕು.

“ಸರ್, ಚಿಲಕ…” ಎಂದು ನಾಲಿಗೆ ಕಚ್ಚಿಕೊಂಡಳು. “ಅಲ್ಲ ಸರ್… ಗುರುತಿನ ಚೀಟಿ ಕಳ್ಕೊಂಡಿದ್ದು ನಾನೇ. ಒಳಗೆ ಬರಬಹುದಾ?”

ರಿಜಿಸ್ಟ್ರಾರರು ಎದ್ದು ನಿಂತರು. ಏನು ಮಾಡಬೇಕೆಂದು ತಿಳಿಯದೆ ಒಂದು ಕುರ್ಚಿ ಎಳೆದರು. ಅದನ್ನು ಬಿಟ್ಟು ಇನ್ನೊಂದು ಎಳೆದರು.

“ಬಾರಮ್ಮ,” ಎಂದರು. “ಚಿಲಕ ಹಾಕಿಲ್ಲ.”