ಕತ್ತಲ ಕೋಟೆಯ ಕೆಂಪು ಸೀರೆ

೧೯೮೪ರ ಫೆಬ್ರವರಿ ಹತ್ತು, ಶುಕ್ರವಾರ. ಸಂಜೆ ನಾಲ್ಕೂವರೆಗೆ ಕಾಪು ಠಾಣೆಗೆ ಬಂದ ದೂರಿನಲ್ಲಿ, ಒಂದು ದೆವ್ವ ಹಳಿಯ ಮೇಲೆ ಬಿದ್ದು ಟೀಚರೊಬ್ಬರ ಕೈ ಮುರಿದಿದೆ ಎಂದಿತ್ತು. ಹೆಡ್ ಕಾನ್‌ಸ್ಟೆಬಲ್ ಸ್ಟ್ಯಾನಿಸ್ಲಾಸ್ ಅದನ್ನು ಎರಡು ಸಲ ಓದಿ, ಬಂದ ನಗುವನ್ನು ನುಂಗಿಕೊಂಡು, ಸಬ್ ಇನ್ಸ್‌ಪೆಕ್ಟರ್ ದೇವದಾಸರ ಮೇಜಿನ ಮೇಲಿಟ್ಟರು.

ದೂರು ಕೊಟ್ಟ ಎಡ್ಮಂಡ್ ಎದುರಿನ ಕುರ್ಚಿಯಲ್ಲೇ ಇದ್ದರು. ಕಡಲ ಬದಿಯ ‘ಕತ್ತಲ ಕೋಟೆ’ ಅವರದು. ಉದ್ದನೆಯ ತಗಡಿನ ಶೆಡ್ಡು, ಒಳಗೆ ಕಗ್ಗತ್ತಲು, ಕತ್ತಲಲ್ಲಿ ಅಂಕುಡೊಂಕಾದ ಹಳಿ, ಹಳಿಯ ಮೇಲೆ ಇಬ್ಬರು ಕೂರುವ ಟ್ರಾಲಿ. ದುಡ್ಡು ಕೊಟ್ಟು ಹೆದರಿಕೊಂಡು ಬರುವ ಏರ್ಪಾಡು. ಎಪ್ಪತ್ತೈದರಲ್ಲಿ ಶುರುಮಾಡುವಾಗ ‘ಭೂತ ಬಂಗ್ಲೆ’ ಎಂದು ಬೋರ್ಡು ಬರೆಸಿದ್ದರು. ಭೂತಕ್ಕೆ ಕೈಮುಗಿಯುವ ಊರಿನಲ್ಲಿ ಅದನ್ನು ಆಟದ ಸಾಮಾನು ಮಾಡಬೇಡಿ ಎಂದು ಹಿರಿಯರು ಹೇಳಿದ ಮೇಲೆ ಬೋರ್ಡು ಬದಲಾಯಿತು. ಕಳೆದ ಕ್ರಿಸ್ಮಸ್ಸಿಗೆ ಒಳಗಿನದ್ದೂ ಬದಲಾಯಿತು. ಉಡುಪಿಯಲ್ಲಿ ವೀಡಿಯೊ ಅಂಗಡಿಗಳು ಬಂದು ಜನ ಕಡಿಮೆಯಾದದ್ದರಿಂದ, ಎಡ್ಮಂಡ್ ತಾವು ಕುವೈತಿನಲ್ಲಿ ಕಂಡದ್ದನ್ನು ನೆನೆದು ಮೋಟರು ಹಾಕಿಸಿ, ಹೊಸ ಗೊಂಬೆಗಳನ್ನು ಇರಿಸಿದ್ದರು.

"ಇದು ಅಪಘಾತ ಅಲ್ಲ," ಎಂದರು ಎಡ್ಮಂಡ್. "ಬೇಕೂಂತ ಮಾಡಿದ್ದು. ಆಪರೇಟರ್ ಶೇಕಬ್ಬನ ಹೆಸರು ಬರೆಯಿರಿ."

"ಅವನಿಗೆ ನಿಮ್ಮ ಮೇಲೆ ಎಂತ ಸಿಟ್ಟು?"

"ಮೋಟರು ಹಾಕಿದ್ದು ಅವನಿಗೆ ಸರಿಬರಲಿಲ್ಲ. ಈಗ ದುಬೈಗೆ ಹೋಗ್ತಾನಂತೆ. ಹೋಗುವ ಮೊದಲು ನನ್ನ ಹೊಟ್ಟೆಗೆ ಹೊಡೆದ."

"ನೋಡಿದವರು ಯಾರಾದರೂ ಉಂಟಾ?"

"ಬಾಗಿಲಿನ ಬೀಗ ಒಡೆದಿಲ್ಲ. ಕೀಲಿಕೈ ಅವನ ಹತ್ತಿರ ಅಲ್ವಾ ಇರುವುದು?"

"ಒಂದೇ ಕೀಲಿಕೈಯಾ?"

"ಇನ್ನೊಂದು ನಮ್ಮ ಮನೆಯಲ್ಲಿ, ಗೋಡೆಯ ಮೊಳೆಯಲ್ಲಿ."

"ಒಳಗಿನಿಂದ ಏನಾದರೂ ಕಳವಾಗಿದೆಯಾ?"

"ಏನೂ ಇಲ್ಲ."

ದೂರು ಕೊಟ್ಟವರು ಹೆಸರು ಹೇಳಿದ ಮೇಲೆ ಬಿಡುವಂತಿಲ್ಲ. ಎಫ್‌ಐಆರ್‌ನಲ್ಲಿ ಶೇಕಬ್ಬನ ಹೆಸರು ಬಿತ್ತು. ದೇವದಾಸರಿಗೆ ಕಸಿವಿಸಿಯಾದದ್ದು ಅದೇ ಮೇಜಿನ ಎಡಬದಿಯ ಕಾಗದಗಳನ್ನು ನೋಡಿದಾಗ. ಶೇಕಬ್ಬನ ಪಾಸ್‌ಪೋರ್ಟ್ ಅರ್ಜಿಯ ತನಿಖೆ ಅಲ್ಲಿತ್ತು. ಬಾವ ಕಳಿಸಿದ ವೀಸಾ ಇರುವುದು ತಿಂಗಳ ಕೊನೆಯವರೆಗೆ ಮಾತ್ರ ಎಂದು ಅವನೇ ಠಾಣೆಗೆ ಎರಡು ಸಲ ಅಲೆದು ಹೇಳಿಹೋಗಿದ್ದ. ಕೇಸಿರುವವನಿಗೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಈ ಕೇಸು ತಿಂಗಳೊಳಗೆ ತೀರ್ಮಾನವಾಗದಿದ್ದರೆ ಅವನ ದುಬೈ ಕಾಪುವಿನಲ್ಲೇ ಮುಗಿಯುತ್ತಿತ್ತು.

ಐದೂವರೆಗೆ ಮಹಜರಿಗೆ ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಬಾಗಿಲು ತೆರೆದು ಹಗಲ ಬೆಳಕು ಒಳಗೆ ಬಿಟ್ಟಾಗ ಕತ್ತಲ ಕೋಟೆ ಬಡಪಾಯಿಯಾಗಿ ಕಾಣುತ್ತಿತ್ತು. ರಾಕ್ಷಸನ ಬೆನ್ನಲ್ಲಿ ಗೋಣಿಚೀಲದ ಅಕ್ಷರಗಳು ಇನ್ನೂ ಅಳಿದಿರಲಿಲ್ಲ. ಮೂರನೆಯ ತಿರುವಿನಲ್ಲಿ ಟ್ರಾಲಿ ಹಳಿ ತಪ್ಪಿ ಗೋಡೆಗೆ ಒರಗಿತ್ತು, ಅದರ ಚಕ್ರದ ಕೆಳಗೆ ಹೆಣ್ಣು ದೆವ್ವ ಮಲಗಿತ್ತು. ಬಿದಿರಿನ ಮೈ, ಕಾಗದ ಅಂಟಿಸಿ ಮಾಡಿದ ಮುಖ, ತೆಂಗಿನ ನಾರಿನ ಕೂದಲು. ಮೈಮೇಲೆ ಬಟ್ಟೆ ಇರಲಿಲ್ಲ.

"ಹೀಗೇ ಬರೆಯುವುದಾ ಸರ್?" ಎಂದು ಸ್ಟ್ಯಾನಿಸ್ಲಾಸ್ ಸಂಕೋಚದಿಂದ ಕೇಳಿದರು.

"ಕಂಡದ್ದನ್ನು ಬರೆಯಿರಿ."

ದೇವದಾಸರಿಗೆ ಕಂಡದ್ದು ಇನ್ನೊಂದಿತ್ತು. ಗೊಂಬೆ ನಿಲ್ಲಬೇಕಾದ ಕಂಬಕ್ಕೆ ಸುತ್ತಿದ ಗೋಣಿಯಲ್ಲಿ ಆರು ಸೇಫ್ಟಿ ಪಿನ್ನುಗಳನ್ನು ಸಾಲಾಗಿ ಸಿಕ್ಕಿಸಿಡಲಾಗಿತ್ತು, ಒಂದೂ ಬಾಗಿರಲಿಲ್ಲ. ಹಾಳು ಮಾಡಲು ಬಂದವನು ಎಳೆದು ಹರಿಯುತ್ತಾನೆ. ಬಟ್ಟೆಗೆ ತೂತು ದೊಡ್ಡದಾಗಬಾರದೆಂದು ಒಂದೊಂದೇ ಪಿನ್ನು ತೆಗೆಯುವವನು ಯಾವ ಸೀಮೆಯ ಶತ್ರು?

"ಇದಕ್ಕೆ ಎಂತ ಉಡಿಸಿದ್ದಿರಿ?"

"ಏನೋ ಹಳೆ ಬಟ್ಟೆ," ಎಂದರು ಎಡ್ಮಂಡ್. "ಮರೆತುಹೋಗಿದೆ."

ಎರಡು ತಿಂಗಳ ಹಿಂದೆ ತಾವೇ ಉಡಿಸಿದ ಗೊಂಬೆಯ ಬಟ್ಟೆ ಮರೆಯುವ ಮನುಷ್ಯನಿಗೆ, ಹೊಸ ಮೋಟರಿನ ರೇಟು ಮಾತ್ರ ನೆನಪಿತ್ತು, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದರು. ದೇವದಾಸರು ಪಿನ್ನುಗಳನ್ನು ಎಣಿಸಿ ಬರೆಸಿದರು.

ಶನಿವಾರ ಬೆಳಗ್ಗೆ ಮಣಿಪಾಲದ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಪಡೆದರು. ಝೀಟಾ, ಕಾರ್ಕಳದ ಶಾಲೆಯೊಂದರ ಟೀಚರ್. ಬಲಗೈ ಬ್ಯಾಂಡೇಜಿನಲ್ಲಿತ್ತು, ಮಾತಿಗೆ ಏನೂ ಆಗಿರಲಿಲ್ಲ. ವರ್ಷವರ್ಷವೂ ಮಕ್ಕಳನ್ನು ಕಡಲು ತೋರಿಸಲು ಕರೆತರುವವರು, ಹಳೆಯ ಕೋಟೆಯನ್ನು ಚೆನ್ನಾಗಿ ಬಲ್ಲವರು.

"ಹಳೆಯದರಲ್ಲಿ ಆ ತಿರುವಿನಲ್ಲಿ ಎಂತ ಇತ್ತು?"

"ಹುಲಿ. ಗೋಡೆಗೆ ತಾಗಿ, ದೂರದಲ್ಲಿ. ಒಂದು ಕಣ್ಣು ಮಾತ್ರ ಉರಿಯುತ್ತಿತ್ತು. ಶೇಕಬ್ಬ ಹಿಂದಿನಿಂದ ಟ್ರಾಲಿ ದೂಡಿಕೊಂಡು, ಲಾಟೀನು ಹಿಡಿದುಕೊಂಡು, ಹುಲಿಯ ಹಾಗೆ ಅವನೇ ಕೂಗುತ್ತಿದ್ದ. ಮಕ್ಕಳಿಗೆ ನಗೆ."

"ಈಗ?"

"ಈಗ ಹಳಿಯ ಪಕ್ಕದಲ್ಲೇ ಕೆಂಪು ರೇಷ್ಮೆ ಸೀರೆಯ ಹೆಂಗಸು ಬಾಗಿ ಬರುವುದಂತೆ. ಬೆಳಗ್ಗೆ ಹೋದ ಮಕ್ಕಳು ಹೇಳಿದರು. ಜರಿಯೆಲ್ಲ ಹೊಳೆಯುತ್ತದೆ ಟೀಚರ್, ನೀವೂ ನೋಡಿ ಅಂತ. ಮಧ್ಯಾಹ್ನ ಮೇಲೆ ಮೊದಲನೇ ಸುತ್ತಿಗೆ ನಾನು ಕೂತೆ. ಕೆಂಪು ಎಲ್ಲೂ ಕಾಣಲಿಲ್ಲ. ಕತ್ತಲಲ್ಲಿ ಏನೋ ಅಡ್ಡ ಸಿಕ್ಕಿತು, ಅಷ್ಟೆ."

ಜೀಪಿನಲ್ಲಿ ಬರುತ್ತಾ ದೇವದಾಸರು ಲೆಕ್ಕ ಹಾಕಿದರು. ಬೆಳಗ್ಗೆ ಸೀರೆ ಇತ್ತು, ಮೂರು ಗಂಟೆಗೆ ಇರಲಿಲ್ಲ. ಶುಕ್ರವಾರ ಶೇಕಬ್ಬ ಜುಮಾ ನಮಾಜಿಗೆ ಹೋಗುವುದರಿಂದ ಹನ್ನೆರಡೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ. ಹೋದದ್ದು ಆ ಹೊತ್ತಿನಲ್ಲಿ. ಜರಿಯ ರೇಷ್ಮೆ ಸೀರೆ ಹೋಗಿದ್ದರೂ ಮಾಲಿಕರು ಏನೂ ಕಳವಾಗಿಲ್ಲ ಎನ್ನುತ್ತಾರೆ. ದೇವದಾಸರ ಅನುಮಾನ ಶೇಕಬ್ಬನನ್ನು ಬಿಟ್ಟು ಎಡ್ಮಂಡರ ಕಡೆ ತಿರುಗತೊಡಗಿತು.

ಆದರೆ ಶೇಕಬ್ಬ ತನ್ನನ್ನು ಅಷ್ಟು ಸುಲಭಕ್ಕೆ ಪಾರುಮಾಡಲು ಬಿಡಲಿಲ್ಲ. ಠಾಣೆಗೆ ಕರೆಸಿದಾಗ ಗೋಡೆಯ ಬದಿಯಲ್ಲಿ ನಿಂತುಕೊಂಡೇ ಉತ್ತರ ಕೊಟ್ಟ.

"ಮಸೀದಿಯಿಂದ ಯಾವ ದಾರಿಯಲ್ಲಿ ಬಂದೆ?"

"ಹೈವೇಯಲ್ಲಿ ಸರ್."

"ಯಾರು ಸಿಕ್ಕಿದರು?"

"ಯಾರೂ ಇಲ್ಲ."

"ಚಹಾ ಅಂಗಡಿಯವರು ನೀನು ಕಡಲ ಬದಿಯಿಂದ ಬಂದದ್ದು ಅಂತಾರೆ. ಕಾಲಿನ ಹೊಯ್ಗೆ ಅವರ ಬೆಂಚಿನ ಹತ್ತಿರವೇ ಕೊಡವಿದೆಯಂತೆ."

ಶೇಕಬ್ಬ ತನ್ನ ಕಾಲು ನೋಡಿಕೊಂಡ.

"ಸುಳ್ಳು ಹೇಳಿದರೆ ಪಾಸ್‌ಪೋರ್ಟ್ ಮರೆತುಬಿಡು. ಆ ದಾರಿಯಲ್ಲಿ ಯಾರನ್ನು ನೋಡಿದೆ?"

"ಯಾರನ್ನೂ ನೋಡಲಿಲ್ಲ ಸರ್. ಬೇಕಾದರೆ ನನ್ನನ್ನೇ ಒಳಗೆ ಹಾಕಿ."

ತಪ್ಪು ಮಾಡಿದವನು ಹೀಗೆ ಹೇಳುವುದು ಕಡಿಮೆ. ದೇವದಾಸರು ಮಾತು ಬದಲಿಸಿದರು. "ಶುರುಮಾಡುವ ಮೊದಲು ಹಳಿ ನೋಡಲಿಲ್ಲವಾ?"

ಈಗ ಶೇಕಬ್ಬನಿಗೆ ಮಾತು ಬಂತು. "ಮೊದಲು ನಾನು ಪ್ರತಿ ಸಲ ಟ್ರಾಲಿಯ ಹಿಂದೆಯೇ ನಡೆಯುತ್ತಿದ್ದೆ. ಹಳಿಯ ಮೇಲೆ ಬೆಕ್ಕು ಮಲಗಿದ್ದರೂ ಗೊತ್ತಾಗ್ತಿತ್ತು. ಈಗ ನನ್ನದು ಹೊರಗೆ ಸ್ವಿಚ್ಚು ಒತ್ತುವ ಕೆಲಸ. ಒಂದು ಸುತ್ತು ಖಾಲಿ ಬಿಟ್ಟು ನೋಡುವ ಅಂದೆ. ಕರೆಂಟು ಸುಮ್ಮನೆ ಹೋಗ್ತದೆ, ಬೇಡ ಅಂದರು ಎಡ್ಮಂಡ್ ಪೊರ್ಬುಗಳು."

ಕಾಪುವಿನವರು ಎರಡು ತಿಂಗಳಿನಿಂದ ಹಳೆಯ ಕೋಟೆ ಲಾಯ್ಕೋ ಹೊಸದು ಲಾಯ್ಕೋ ಎಂದು ಚಹಾ ಕುಡಿಯುತ್ತಾ ಜಗಳವಾಡಿದ್ದರು. ಹಳೆಯದರಲ್ಲಿ ಹಿಂದೆ ಒಬ್ಬ ಮನುಷ್ಯ ಇದ್ದ, ಹೊಸದರಲ್ಲಿ ಇಲ್ಲ ಎಂಬುದು ಆ ಜಗಳದಲ್ಲಿ ಯಾರ ಬಾಯಿಗೂ ಬಂದಿರಲಿಲ್ಲ. ಹೆದರಿಸುವುದೊಂದನ್ನೇ ಲೆಕ್ಕ ಹಾಕಿದ್ದರು.

ಶೇಕಬ್ಬ ಹೋದ ಮೇಲೆ ಸ್ಟ್ಯಾನಿಸ್ಲಾಸ್ ಪೆನ್ನು ಮುಚ್ಚಿಟ್ಟು, "ಸರ್, ಒಂದು ಮಾತು," ಎಂದರು. "ಕೆಂಪು ರೇಷ್ಮೆ, ಜರಿ. ನಮ್ಮ ಕೊಂಕಣಿ ಕ್ರಿಶ್ಚಿಯನರಲ್ಲಿ ಮದುವೆಗೆ ಗಂಡಿನ ಮನೆಯವರು ಹುಡುಗಿಗೆ ಒಂದು ಸೀರೆ ಕೊಡ್ತಾರೆ, ಸಾಡೊ ಅಂತ. ಅದು ಕೆಂಪೇ. ಹೆಂಗಸರು ಜೀವಮಾನ ಇಡೀ ಪೆಟ್ಟಿಗೆಯಲ್ಲಿ ಕಾಪಾಡ್ತಾರೆ."

"ಎಡ್ಮಂಡರ ಹೆಂಡತಿಯದಾ?"

"ಅವರ ಹೆಂಡತಿ ಮೊನ್ನೆ ಹಬ್ಬಕ್ಕೆ ಅವರದನ್ನು ಉಟ್ಟುಕೊಂಡು ಇಗರ್ಜಿಗೆ ಬಂದಿದ್ದರು. ಮನೆಯಲ್ಲಿ ಇನ್ನೊಬ್ಬರಿದ್ದಾರೆ. ಅಣ್ಣನ ಹೆಂಡತಿ, ರೋಸಿ ಬಾಯಿ. ವಿಧವೆ."

ಭಾನುವಾರ ಇಗರ್ಜಿಯ ಪೂಜೆ ಮುಗಿಯುವ ಹೊತ್ತಿಗೆ ಇಬ್ಬರೂ ಎಡ್ಮಂಡರ ಮನೆಗೆ ಹೋದರು. ಗೋಡೆಯ ಮೊಳೆಯಲ್ಲಿ ಕೀಲಿಕೈ ನೇತಾಡುತ್ತಿತ್ತು, ಮನೆಯವರಲ್ಲಿ ಯಾರ ಕೈಗೂ ಸಿಗುವಷ್ಟು ಎತ್ತರದಲ್ಲಿ. ಎಡ್ಮಂಡ್ ಶರಬತ್ತು ತರಿಸಲು ಹೊರಟರು. ದೇವದಾಸರು ಬೇಡವೆಂದರು.

"ಆ ಕೆಂಪು ಸೀರೆ ಯಾರದು?"

"ಮಂಗಳೂರಿನಿಂದ ತಂದ ಹಳೆಯದು."

"ಮೊನ್ನೆ ಬಟ್ಟೆ ಮರೆತುಹೋಗಿತ್ತು ನಿಮಗೆ."

ಎಡ್ಮಂಡ್ ಒಳಬಾಗಿಲಿನ ಕಡೆ ನೋಡಿದರು. ಅಲ್ಲಿ ರೋಸಿ ನಿಂತಿದ್ದರು. ಅರುವತ್ತು ದಾಟಿದ ಸಣಕಲು ಹೆಂಗಸು, ಇಗರ್ಜಿಗೆ ಉಟ್ಟ ಬಿಳಿ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ.

"ಅಮ್ಮಾ," ಎಂದರು ದೇವದಾಸರು, "ಶೇಕಬ್ಬನ ಮೇಲೆ ಕೇಸಾಗಿದೆ. ಟೀಚರ ಕೈ ಮುರಿದದ್ದಕ್ಕೆ. ಅವನ ಪಾಸ್‌ಪೋರ್ಟ್ ನಿಂತಿದೆ."

"ಶೇಕಬ್ಬನ ಮೇಲಾ?" ರೋಸಿ ಮೈದುನನನ್ನು ನೋಡಿದರು. "ಮೋಟರು ಕೆಟ್ಟದ್ದು ಅಂದೆಯಲ್ಲ ನೀನು."

ರೋಸಿ ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಕೆಂಪು ರೇಷ್ಮೆ, ಅಂಚಿನ ಜರಿ ಸ್ವಲ್ಪ ಕಪ್ಪಾಗಿತ್ತು, ಪಿನ್ನಿನ ಸಣ್ಣ ತೂತುಗಳಿದ್ದವು.

"ನಾನೇ ತಂದದ್ದು. ಬರೆಯಿರಿ."

ಅವರ ಹೇಳಿಕೆಯನ್ನು ಸ್ಟ್ಯಾನಿಸ್ಲಾಸ್ ಬರೆದುಕೊಂಡರು. ನೆರೆಮನೆಯ ಮಕ್ಕಳು ಕೆಂಪು ಸೀರೆಯ ದೆವ್ವದ ಕತೆ ಹೇಳಿದಾಗ ರೋಸಿ ತಮ್ಮ ಕೋಣೆಗೆ ಓಡಿದ್ದರು. ಪೆಟ್ಟಿಗೆ ನೋಡಿದರೆ ಸೀರೆ ಸುತ್ತಿದ್ದ ಬಟ್ಟೆ ಮಾತ್ರ ಇತ್ತು. ಕೇಳಿದರೆ ಎಡ್ಮಂಡ್ ನನಗೇನು ಗೊತ್ತು ಎಂದಿದ್ದರು. ಆ ವಯಸ್ಸಿನಲ್ಲಿ ಟಿಕೆಟು ತೆಗೆದುಕೊಂಡು ಟ್ರಾಲಿಯಲ್ಲಿ ಕೂತು ಬಂದಿದ್ದರು. ಇಳಿಯುವಾಗ ಅಳುತ್ತಿದ್ದವರನ್ನು ಶೇಕಬ್ಬ ಕೈಹಿಡಿದು ಇಳಿಸಿ, ಹೆದರಿದಿರಾ ಬಾಯಿ ಎಂದು ಕೇಳಿದ್ದ. ಅವನಿಗೆ ಸೀರೆಯ ವಿಷಯ ಹೇಳಿಕೊಂಡಿದ್ದರು. ಶುಕ್ರವಾರ ಮಧ್ಯಾಹ್ನ ಮೊಳೆಯ ಕೀಲಿಕೈ ತೆಗೆದುಕೊಂಡು ಹೋಗಿ ಪಿನ್ನು ಬಿಚ್ಚಿದರು. ಗೊಂಬೆಯನ್ನು ಕಂಬಕ್ಕೆ ಹಿಡಿದಿದ್ದದ್ದು ಸೀರೆಯ ಸೆರಗೇ ಎಂದು ಅವರಿಗೆ ಗೊತ್ತಿರಲಿಲ್ಲ. ಹೊರಗೆ ಬರುವಾಗ ಹಿಂದೆ ಏನೋ ಸದ್ದಾಯಿತು, ಹೆದರಿಕೆಯಲ್ಲಿ ತಿರುಗಿ ನೋಡಲಿಲ್ಲ. ದಾರಿಯಲ್ಲಿ ಶೇಕಬ್ಬ ಎದುರಾದ. ಗಂಟನ್ನು ನೋಡಿದ, ಏನೂ ಕೇಳಲಿಲ್ಲ.

"ವಾಪಸು ಕೊಡು ಅಂತ ಕೇಳಿದ್ದರೆ ಕೊಡ್ತಿರಲಿಲ್ಲವಾ ನಾನು?" ಎಂದರು ಎಡ್ಮಂಡ್. "ನಲವತ್ತು ವರ್ಷದಿಂದ ಉಡದ ಸೀರೆ. ಸುಮ್ಮನೆ ಬಿದ್ದಿತ್ತು."

ರೋಸಿ ದೇವದಾಸರ ಕಡೆ ತಿರುಗಿ ಹೇಳಿದರು. "ಮದುವೆಯಾಗಿ ಎಂಟು ತಿಂಗಳಿಗೆ ಪಾಸ್ಕಲ್ ಹಡಗಿನ ಕೆಲಸಕ್ಕೆ ಹೋದರು. ಹಡಗಿನಲ್ಲೇ ಜ್ವರ ಬಂದು ಹೋಗಿಬಿಟ್ಟರು. ಸಮುದ್ರಕ್ಕೆ ಬಿಟ್ಟರಂತೆ. ಎಲ್ಲರಿಗೂ ಹೂ ಇಡಲು ಒಂದು ಗೋರಿ ಉಂಟು, ನನಗೆ ಇಲ್ಲ. ಅವರು ಕೊಟ್ಟದ್ದು ಇದೊಂದು ಉಳಿದದ್ದು. ನನ್ನನ್ನು ಮಣ್ಣು ಮಾಡುವಾಗ ಇದನ್ನೇ ಉಡಿಸಿ ಅಂತ ಪಾದ್ರಿಗಳಿಗೂ ಹೇಳಿಟ್ಟಿದ್ದೇನೆ."

ದೇವದಾಸರ ಹದಿನಾಲ್ಕು ವರ್ಷದ ನೌಕರಿಯಲ್ಲಿ ಬಂಧಿಸಲು ಮನಸ್ಸೇ ಬಾರದ ಆರೋಪಿ ಇವರೊಬ್ಬರೇ. ಆದರೆ ಟೀಚರ ಕೈ ಮುರಿದಿತ್ತು, ಅದಕ್ಕೂ ಲೆಕ್ಕ ಕೊಡಬೇಕಿತ್ತು. ಸೀರೆ ರೋಸಿಯದೇ, ಕಳವಿನ ಮಾತಿಲ್ಲ. ಅಜಾಗರೂಕತೆಯಿಂದ ಗಾಯವಾದದ್ದಕ್ಕೆ ರೋಸಿಯನ್ನೂ, ಹಳಿ ನೋಡದೆ ಯಂತ್ರ ಓಡಿಸಿದ್ದಕ್ಕೆ ಎಡ್ಮಂಡರನ್ನೂ ದಸ್ತಗಿರಿ ಮಾಡಿ, ಠಾಣೆಯಲ್ಲೇ ಜಾಮೀನು ಕೊಟ್ಟರು.

ಉಳಿದದ್ದು ಸೀರೆ. ರೋಸಿ ಅದನ್ನು ಠಾಣೆಗೆ ತಾವೇ ಎತ್ತಿಕೊಂಡು ಬಂದಿದ್ದರು.

"ಅಮ್ಮಾ, ನಿಮ್ಮ ಹೇಳಿಕೆ ಉಂಟಲ್ಲ. ಇದನ್ನು ಮನೆಗೆ ತೆಗೆದುಕೊಂಡು ಹೋಗಿ," ಎಂದರು ದೇವದಾಸರು.

"ಹೇಳಿಕೆಯೊಂದರಿಂದಲೇ ಶೇಕಬ್ಬ ಪೂರ್ತಿ ಬಿಡುಗಡೆಯಾ?"

ದೇವದಾಸರು ಸುಳ್ಳು ಹೇಳಬಹುದಿತ್ತು. "ಎಡ್ಮಂಡರ ವಕೀಲರು, ನೀವು ಅವನ ಮೇಲಿನ ಪ್ರೀತಿಗೆ ಹೇಳಿದ್ದು ಅನ್ನಬಹುದು. ಸೀರೆ ನಿಮ್ಮ ಕೈಯಿಂದ ಜಪ್ತಿ ಆದರೆ ಯಾರೂ ಏನೂ ಅನ್ನುವಂತಿಲ್ಲ. ಇವತ್ತೇ ಅವನ ಪಾಸ್‌ಪೋರ್ಟಿಗೆ ಆಕ್ಷೇಪಣೆ ಇಲ್ಲ ಅಂತ ಬರೆದು ಕಳಿಸ್ತೇನೆ."

ರೋಸಿ ಸೀರೆಯನ್ನು ಮೇಜಿನ ಮೇಲಿಟ್ಟರು. ಸ್ಟ್ಯಾನಿಸ್ಲಾಸ್ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದರು. ಅರಗು ಕರಗಿ ಬೀಳುವುದನ್ನು ರೋಸಿ ನೋಡುತ್ತಿದ್ದರು.

"ಕೋರ್ಟಿನಿಂದ ಯಾವಾಗ ಸಿಗ್ತದೆ?"

"ಕೇಸು ಮುಗಿದ ಮೇಲೆ. ಮೂರು ವರ್ಷ. ನಾಲ್ಕೂ ಆದೀತು."

ರೋಸಿ ತಲೆಯಾಡಿಸಿದರು.

"ಹಾಗಾದರೆ ಅಲ್ಲಿಯವರೆಗೆ ನಾನು ಸಾಯುವ ಹಾಗಿಲ್ಲ," ಎಂದು, ರುಜು ಎಲ್ಲಿ ಹಾಕಬೇಕೆಂದು ಕೇಳಿದರು.