ಬೆಂಕಿ ಕಂಡ ತಿರುಪು

ತುಂಡಾದ ತಿರುಪು ತಟ್ಟೆಗೆ ಬಿದ್ದು ಟಣ್ ಎಂದಿತು. ಅದರ ಹಿಂದೆಯೇ ವಾಸನೆ ಬಂತು. ಹಳೆಯ ಕೀವಿನ ವಾಸನೆ. ಹಲ್ಲಿನ ಆಸ್ಪತ್ರೆಯ ಬಾಗಿಲ ಬಳಿ ನಿಂತಿದ್ದ ಮೋ ಜಿನ್‌ಸೊಕ್ ಟೋಪಿಯಿಂದ ಮೂಗು ಮುಚ್ಚಿಕೊಂಡ.

ಸುಬಾವಿ ಹಳ್ಳಿಯ ಹೊರಠಾಣೆಯ ಈ ಪೊಲೀಸನಿಗೆ ಬಸ್ಸು ತಪ್ಪಿದ ಮುದುಕರನ್ನು ಪಟ್ಟಣಕ್ಕೆ ಕರೆತಂದು ಮನೆಗೆ ಬಿಡುವುದೂ ಕೆಲಸವೇ. ಇವತ್ತಿನ ಸವಾರಿ ಎಪ್ಪತ್ತೊಂಬತ್ತರ ತಾಕ್ ಬುನ್ನ್ಯೆ ಅಜ್ಜಿ. ಮೇ ತಿಂಗಳಲ್ಲಿ ಊರಲ್ಲೇ ಹಾಕಿಸಿಕೊಂಡಿದ್ದ ಹಲ್ಲು ಮೂಲಂಗಿ ಕಿಮ್ಚಿ ಕಡಿಯುವಾಗ ಲಟಕ್ಕನೆ ಮುರಿದಿತ್ತು. ಮೇಲಿನ ಹಲ್ಲು ಕೈಗೆ ಬಂತು. ಅದನ್ನು ಮೂಳೆಗೆ ಬಿಗಿದಿದ್ದ ಬುಡದ ತಿರುಪು ದವಡೆಯಲ್ಲೇ ಉಳಿಯಿತು. ಟೊಳ್ಳು ಬೈರಿಗೆಯಿಂದ ಸುತ್ತಲ ಮೂಳೆಯ ಸಮೇತ ಅದನ್ನು ಕೊರೆದು ತೆಗೆಯಲು ಡಾಕ್ಟರ್ ಹಾ ಯೊನ್ಹಿಗೆ ಒಂದು ಗಂಟೆ ಹಿಡಿಯಿತು.

"ಮೋ ಅವರೇ, ಇದನ್ನ ನೋಡಿ." ಡಾಕ್ಟರ್ ಭೂತಗನ್ನಡಿ ಕೊಟ್ಟರು. "ಹೊರಗೆಲ್ಲ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಒಳಗಿನ ತೂತು ನೋಡಿ."

ತೂತಿನೊಳಗೆ ನೀಲಿ ಬೆರೆತ ಬೂದು ಪೊರೆ. ಸಂದಿಯಲ್ಲಿ ಬಿಳಿ ಪುಡಿ.

"ತುಕ್ಕಾ?"

"ಟೈಟೇನಿಯಂಗೆ ಎಲ್ಲಿಯ ತುಕ್ಕು? ಇದು ಕುಲುಮೆಯೊಳಗೆ ಬೆಂದಿದೆ. ಅಷ್ಟು ಕಾದರೆ ಪೆಡಸಾಗುತ್ತೆ. ಅದಕ್ಕೇ ಮುರೀತು."

"ಆ ಪುಡಿ?"

ಡಾಕ್ಟರ್ ಕೈ ತೊಳೆದರು. ಮತ್ತೊಮ್ಮೆ ತೊಳೆದರು. "ಮೂಳೆ ಬೂದಿ. ಅಜ್ಜೀದಲ್ಲ."

ಕುರ್ಚಿಯಲ್ಲಿದ್ದ ಅಜ್ಜಿ ಬಾಯಿಯ ಹತ್ತಿಯನ್ನು ಉಗಿದಳು. "ಅಂದ್ರೆ ಆರು ತಿಂಗಳು ನಾನು ಹೆಣದ ಹಲ್ಲಲ್ಲಿ ಅಗಿದೆ ಅನ್ನು."

ಅವಳು ಮೋನ ಕಡೆ ತಿರುಗಿದಳು.

"ಯಾರ ಹೆಣ ಅಂತ ಗೊತ್ತಾಗಬೇಕು, ಪೊಲೀಸಪ್ಪ. ಅಲ್ಲೀವರೆಗೂ ಈ ಬಾಯಿಗೆ ಇನ್ನೊಂದು ಮೊಳೆ ಹಾಕಿಸ್ಕೊಳಲ್ಲ. ಗಂಜಿ ಕುಡ್ಕೊಂಡೇ ಸಾಯ್ತೀನಿ."

* * *

ಹಲ್ಲು ಹಾಕಿದವನು ಪ್ಯೊನ್. ಪರವಾನಗಿ ಇಲ್ಲದವನು. ಹಿಂದೆ ಹಲ್ಲು ಅಚ್ಚು ಹಾಕುವ ಅಂಗಡಿಯಲ್ಲಿದ್ದ. ಈಗ ಬಂದರಿನ ಪಕ್ಕದ ಹಳೆಯ ಸರಕುಪೆಟ್ಟಿಗೆಯ ತಗಡು ಡಬ್ಬದಲ್ಲಿ ಅವನ ವಾಸ. ಮೋ ಫ್ರಿಜ್ಜು ತೆರೆದ. ಬೆಳ್ಳುಳ್ಳಿ ಕಿಮ್ಚಿಯ ಡಬ್ಬಿಗೆ ಒತ್ತಿಕೊಂಡೇ ಒಂದು ತಟ್ಟೆ. ಅದರಲ್ಲಿ ಏಳು ತಿರುಪು, ಒಂದಕ್ಕೆ ಮೆಣಸಿನ ರಸ ತಾಗಿತ್ತು. ಮೋ ತಟ್ಟೆಯನ್ನು ಹೊರಗೆಳೆದು ಪ್ಯೊನ್ ಮುಂದಿಟ್ಟ.

"ಒಣ ಸ್ಕ್ವಿಡ್ ಮೀನು ಕಡಿದಿರ್ತಾಳೆ ಮುದುಕಿ," ಎಂದ ಪ್ಯೊನ್. "ಅದಕ್ಕೆ ನನ್ನ ಮೇಲೆ ಯಾಕೆ ಸಾರ್?"

"ತಿರುಪು ಯಾರು ಕೊಡೋದು?"

"ಬುಸಾನಿನ ವ್ಯಾಪಾರಿ."

"ಹೆಸರು?"

"ವ್ಯಾಪಾರಿ."

ಮೋ ಅವನನ್ನು ಠಾಣೆಗೆ ಕರೆದೊಯ್ದು ಕೂರಿಸಿದ.

ಊರ ಮುಖಂಡ ಗುಕ್ ಯೊಂಗ್‌ಬೆ ಓಡಿ ಬಂದ. ಮದುವೆಗೂ ಮಸಣಕ್ಕೂ ಮುಂದೆ ನಿಲ್ಲುವ ಮನುಷ್ಯ. "ಛೇ, ಆ ಪ್ಯೊನ್‌ನ ಊರಿಗೆ ಕರೆತಂದವನೇ ನಾನು! ಬಡವರಿಗೆ ಕಮ್ಮಿಯಲ್ಲಿ ಆಗಲಿ ಅಂದ್ಕೊಂಡೆ. ಸುಡೋ ಕಡೆ ಕೆಲಸದವರನ್ನ ವಿಚಾರಿಸು ತಮ್ಮಾ. ಬೂದೀಲಿ ಕೈ ಹಾಕೋರು ಅವರೇ ತಾನೆ?"

* * *

ಮೋ ವಿಚಾರಿಸಿದ. ಚಿತಾಗಾರದ ನೌಕರ ಬೀಗ ಹಾಕಿದ ಪೆಟ್ಟಿಗೆ ತೋರಿಸಿದ. ಬೂದಿಯಲ್ಲಿ ಸಿಗುವ ಲೋಹವನ್ನು ಮನೆಯವರು ಬೇಡವೆಂದರೆ ಅದರಲ್ಲಿ ಹಾಕುತ್ತಾರೆ. ಕ್ಯಾಮೆರಾ ಇದೆ, ತೂಕ ಸರಿಯಿದೆ.

"ಸುಬಾವಿಯದು ಮಾತ್ರ ಇದರಲ್ಲಿ ಒಂದು ಚೂರೂ ಇಲ್ಲ ಸಾರ್."

"ಯಾಕೆ?"

"ನಿಮ್ಮೂರಿನವರು ಎಲ್ಲಾನೂ ಕೇಳಿ ತಗೊಂಡು ಹೋಗ್ತಾರೆ. ಎಷ್ಟು ಭಕ್ತಿ ಅಂತ ನಾವೇ ಮಾತಾಡ್ಕೊಂಡಿದ್ವಿ."

ಮೋ ಜೀಪಿನಲ್ಲಿ ಕೂತು ಡಾಕ್ಟರಿಗೆ ಫೋನು ಮಾಡಿದ.

"ನಾನೇ ಮಾಡೋಳಿದ್ದೆ," ಎಂದರು ಡಾಕ್ಟರ್ ಹಾ. "ಆ ತಿರುಪಿನ ಕತ್ತಿನಲ್ಲಿ ಉಜ್ಜಿದರೂ ಹೋಗದ ಒಂದು ಆಳದ ಗೀರು ಇದೆ. ಎಂಟು ವರ್ಷದ ಹಿಂದೆ ನನ್ನ ಕೈ ಜಾರಿ ಆದದ್ದು. ಆಗಿನ ಹಳೆಯ ಎಕ್ಸ್‌ರೇ ಹುಡುಕಿ ಹೋಲಿಸಿದೆ. ನಿಮ್ಮೂರಿನ ಯಾಂಗ್ ಚಿಲ್ಬೊಕ್ ಅವರದು."

ಚಿಲ್ಬೊಕ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ.

"ಇನ್ನೊಂದು ಮಾತು ಡಾಕ್ಟರ್. ಪ್ಯೊನ್ ಬಂದ ಮೇಲೆ ಸುಬಾವಿಯಿಂದ ಹಲ್ಲು ಹಾಕಿಸೋಕೆ ನಿಮ್ಮಲ್ಲಿಗೆ ಯಾರಾದ್ರೂ ಬಂದಿದ್ರಾ?"

"ಒಬ್ಬರು ಬಂದಿದ್ರು."

ಹೆಸರು ಕೇಳಿ ಮೋ ಜೀಪನ್ನು ಸುಬಾವಿಯ ಕಡೆ ತಿರುಗಿಸಿದ.

* * *

ಮಧ್ಯಾಹ್ನ. ಊರ ಮುದುಕರೆಲ್ಲ ಸೇರುವ ವೃದ್ಧರ ಕೊಠಡಿಯಲ್ಲಿ, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಊಟ ಸಾಗಿತ್ತು. ಬುನ್ನ್ಯೆ ಅಜ್ಜಿಯ ಮುಂದೆ ಗಂಜಿ. ಗುಕ್ ಬಡಿಸುತ್ತಿದ್ದ.

"ಮುಖಂಡರೇ, ಒಂದು ಸಲ ಬಾಯಿ ತೆರೀರಿ," ಎಂದ ಮೋ.

"ಏನು ತಮಾಷೆ ಇದು?"

"ಕೆಳಗೆ ಎಡಗಡೆ ಎರಡು ಹೊಸ ಹಲ್ಲಿವೆ. ಜುಲೈನಲ್ಲಿ ಪಟ್ಟಣಕ್ಕೆ ಹೋಗಿ ದುಬಾರಿ ದುಡ್ಡು ಕೊಟ್ಟು ಹಾಕಿಸ್ಕೊಂಡಿರಿ. ಊರಿಗೆಲ್ಲ ಪ್ಯೊನ್‌ನ ಹೊಗಳಿದವರು ಅವನ ಕೈಗೆ ನಿಮ್ಮ ದವಡೆ ಯಾಕೆ ಕೊಡಲಿಲ್ಲ?"

ಗುಕ್‌ನ ಸೌಟು ನಿಂತಿತು.

ಮೋ ಮೂಲೆಯಲ್ಲಿದ್ದ ಚಿಲ್ಬೊಕ್‌ನ ವಿಧವೆಯ ಕಡೆ ತಿರುಗಿದ. "ಅಮ್ಮಾ, ಯಜಮಾನರನ್ನ ಸುಟ್ಟ ದಿನ ಬೂದಿ ಆರಿಸಿದ್ದು ಯಾರು?"

"ನನ್ನಿಂದ ನೋಡೋಕಾಗಲಿಲ್ಲಪ್ಪ. ನೀವೆಲ್ಲ ಹೊರಗೆ ಕೂತಿರಿ, ನಾನು ನೋಡ್ಕೋತೀನಿ ಅಂದ್ರು ಮುಖಂಡರು. ಎಲ್ಲರ ಮನೇದೂ ಅವರೇ ನೋಡ್ಕೊಳ್ಳೋದು."

"ಪ್ರತಿ ಸಾವಿಗೂ ಇವರೇ ಹೋದರು," ಎಂದ ಮೋ. "ಮನೆಯವರ ಹೆಸರಲ್ಲಿ ಲೋಹ ಕೇಳಿ ಪಡೆದರು. ಮನೆಯವರಿಗೆ ಬೂದಿ ಮಾತ್ರ ಸಿಕ್ಕಿತು. ಅಜ್ಜಿಯ ತಿರುಪು ಬೆಂಕಿ ಕಂಡಿದೆ ಅಂತ ಮೊದಲೇ ಗೊತ್ತಿದ್ದರಿಂದ ನನ್ನನ್ನ ಚಿತಾಗಾರಕ್ಕೆ ಅಟ್ಟಿದರು. ನಾನು ಯಾರ ಹತ್ತಿರವೂ ಬೂದಿಯ ಮಾತೇ ಎತ್ತಿರಲಿಲ್ಲ. ನೀನು ಎತ್ತಿದ್ಯಾ ಅಜ್ಜಿ?"

"ಡಾಕ್ಟರಮ್ಮ ಮತ್ತೆ ಬಾಯಿ ತುಂಬ ಹತ್ತಿ ತುರುಕಿದ್ರಲ್ಲೋ!"

"ಮುಖಂಡರೇ, ನಿಮ್ಮ ಕೊಟ್ಟಿಗೆಯಲ್ಲಿ ಈಗ ತಾನೇ ಲೋಹ ಉಜ್ಜುವ ಉಪ್ಪುಕಾಗದವೂ, ಮಕೊಲ್ಲಿ ಹೆಂಡದ ಬಾಟಲಿಯಲ್ಲಿ ನೆನೆಹಾಕಿದ ಹದಿಮೂರು ತಿರುಪೂ ಸಿಕ್ಕಿವೆ."

ಗುಕ್ ಸೌಟು ಕೆಳಗಿಟ್ಟ. "ಲೋಹ ತಾನೇ? ಬೆಂಕೀಲಿ ಬೆಂದ ಮೇಲೆ ಯಾವ ಮೈಲಿಗೆ? ತೊಳೆದೇ ಕೊಟ್ಟಿದ್ದೀನಿ."

ಆ 'ತೊಳೆದೇ' ಎಂಬ ಮಾತು ಕೊಠಡಿಯಲ್ಲಿ ನಿಂತುಬಿಟ್ಟಿತು. ಒಬ್ಬಾಕೆ ಮೆಲ್ಲಗೆ ಬೆರಳು ತನ್ನ ದವಡೆಗೆ ಒಯ್ದಳು. ಆಮೇಲೆ ಇನ್ನೊಬ್ಬಾಕೆ. ಪ್ಯೊನ್ ಕೈಯಲ್ಲಿ ಹಲ್ಲು ಹಾಕಿಸಿಕೊಂಡವರು ಅಲ್ಲಿ ಹನ್ನೊಂದು ಮಂದಿ ಇದ್ದರು. ಬಾಗಿಲು ದಬ್ಬಿಕೊಂಡು ಅಂಗಳಕ್ಕೆ ಓಡಿದರು. ಓಕರಿಕೆಯ ಸದ್ದು ಒಳಗೆ ಕೇಳುತ್ತಲೇ ಇತ್ತು. ಮೋ ಗುಕ್‌ನ ಕೈಗೆ ಕೋಳ ಹಾಕಿ, ಆ ಕೈ ಮುಟ್ಟಿದ ತನ್ನ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

* * *

ವಾರದ ನಂತರ ಅಜ್ಜಿ ಬಿಳಿ ಬಟ್ಟೆಯಲ್ಲಿ ಸುತ್ತಿದ ತಿರುಪನ್ನು ಚಿಲ್ಬೊಕ್‌ನ ಮನೆಗೆ ಒಯ್ದಳು. ತನ್ನ ಹೊಲದ ಬೆಳ್ಳುಳ್ಳಿ ಕಿತ್ತ ಕಳ್ಳನೆಂದು ಅವನೊಡನೆ ಮೂವತ್ತು ವರ್ಷ ಮಾತು ಬಿಟ್ಟಿದ್ದಳು. ವಿಧವೆ ಎರಡು ಕೈಯಲ್ಲಿ ಗಂಟನ್ನು ತೆಗೆದುಕೊಂಡಳು.

"ನಿಮ್ಮ ಬೆಳ್ಳುಳ್ಳಿ ಒಂದು ಎಸಳೂ ತಿಂದಿಲ್ಲ ಅಂತ ಸಾಯೋವರೆಗೂ ಹೇಳ್ತಿದ್ರು, ಅಕ್ಕಾ."

"ಸತ್ತ ಮೇಲೆ ತಿಂದ, ನನ್ನ ಬಾಯೊಳಗೆ ಕೂತು. ಆರು ತಿಂಗಳು, ದಿನಾ ಮೂರು ಹೊತ್ತು." ಅಜ್ಜಿ ಅಂಗಳದ ಚರಂಡಿಗೆ ಹೋಗಿ ಉಗಿದಳು, ಮೇಲಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡಳು. "ಇನ್ನು ಲೆಕ್ಕ ಸರಿಹೋಯ್ತು."

ಬೇಲಿಯಾಚೆ ಜೀಪಿನಲ್ಲಿ ಮೋ ಕಾಯುತ್ತಿದ್ದ.

"ಪಟ್ಟಣಕ್ಕೆ ಬಿಡಪ್ಪ. ದವಡೆ ಮಾಗೋಕೆ ನಾಲ್ಕು ತಿಂಗಳು ಬೇಕಂತೆ, ಮಾಗಲಿ. ಆದ್ರೆ ಹೊಸ ತಿರುಪಿನ ಡಬ್ಬಿಯ ಮುದ್ರೆ ನನ್ನ ಕಣ್ಣೆದುರಿಗೇ ಒಡೀಬೇಕು ಅಂತ ಆ ಡಾಕ್ಟರಮ್ಮನಿಗೆ ಇವತ್ತೇ ಹೇಳಿ ಬರ್ತೀನಿ."