ಬಿಟ್ಟ ಕುರಿಯ ಉಣ್ಣೆ

“ಮುಟ್ಟಬ್ಯಾಡ್ರಿ ಅಕ್ಕೋರೆ. ಅದು ಸುಡೋ ಉಣ್ಣಿ,” ಎಂದಳು ಕುರಿ ಕಾಯುವ ಮರೆಮ್ಮ.

ಉಮಾಬಾಯಿ ಆಗಲೇ ಮುಟ್ಟಿದ್ದಳು. ಝರಾಸಂಗಂ ಹಾದಿಯ ಆ ಕುರಿದೊಡ್ಡಿಯ ಮೂಲೆಯಲ್ಲಿ, ಬೇವಿನ ಸೊಪ್ಪಿನ ಮೇಲೆ ಕರಿ ಉಣ್ಣೆಯ ರಾಶಿ ಬಿದ್ದಿತ್ತು. ಒಂದೊಂದು ಎಳೆಯೂ ಗೇಣುದ್ದ. ಬೇರೆ ಕುರಿಗಳ ಉಣ್ಣೆ ಎರಡು ಬೆರಳು ಮೀರುತ್ತಿರಲಿಲ್ಲ.

“ಇಷ್ಟು ಚೆಂದ ಉಣ್ಣಿ ಸುಡ್ತಾರೇನು?”

“ಬಿಟ್ಟ ಕುರಿದು ಅದು. ನಿನ್ನೆ ಸತ್ತದ.” ಮರೆಮ್ಮ ದನಿ ತಗ್ಗಿಸಿದಳು. “ಬೊಮ್ರಾಸಪೇಟದಾಗ ಒಬ್ಬಂವಗ ದಾಯಾದಿ ಮಾಟ ಮಾಡ್ಸಿದ್ದ. ಉಸಿರು ಕಟ್ಟಿತ್ತು. ಅದನ್ನ ಈ ಕುರಿಗಿ ಇಳಿಸಿ ಬಿಟ್ರು. ನಾಕು ವರ್ಷ ಅದಕ್ಕ ಕತ್ರಿ ಹಚ್ಚಿಲ್ಲ. ಮಣ್ಣಿಗಿ ಹಾಕಿದ್ರ ಮಾಟ ಹುಲ್ಲಿಗಿ ಬರ್ತದಂತ ಸುಡಾಕ ತಗದೀವಿ.”

“ಉಣ್ಣಿಗಿ ಮಂತ್ರ ಓದಾಕ ಬರ್ತದೇನು ಮರೆಮ್ಮ? ನಮ್ಮ ಸಾಲ್ಯಾಗಿನ ಹುಡುಗ್ಯಾರಿಗೇ ಇನ್ನೂ ಓದಾಕ ಬರವಲ್ದು.”

ಉಮಾಬಾಯಿ ರಾಶಿಯನ್ನು ಬಾಚಿ ಚೀಲಕ್ಕೆ ತುಂಬಿದಳು. ಮರೆಮ್ಮ ಕಸಿದುಕೊಳ್ಳಲಿಲ್ಲ. ಅದನ್ನು ಬರಿಗೈಯಲ್ಲಿ ಮುಟ್ಟುವ ಧೈರ್ಯ ಆಕೆಗಿರಲಿಲ್ಲ.

ಅದು ನಿಜಾಮರ ಲೆಕ್ಕದ ಫಸಲಿ ೧೩೫೩, ಇಂಗ್ಲಿಷ್ ಲೆಕ್ಕದಲ್ಲಿ ೧೯೪೩ರ ನವೆಂಬರ್. ಮಿಲ್ಲಿನ ಉಣ್ಣೆಯೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಜಹೀರಾಬಾದಿನ ಯಾವ ಅಂಗಡಿಯಲ್ಲೂ ಒಂದು ಉಂಡೆ ದಾರ ಸಿಗುತ್ತಿರಲಿಲ್ಲ. ಉಮಾಬಾಯಿ ಆರು ತಿಂಗಳ ಹಿಂದೆ ತಾಂಡೂರಿನಿಂದ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಬಂದವಳು. ಗಂಡ ಮನ್ಮಥಪ್ಪ ತಾಂಡೂರಿನ ಫರಸಿ ಕಲ್ಲಿನ ಗಣಿಯಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದು, ಕಲ್ಲಿನ ಧೂಳು ಕುಡಿದು ದಮ್ಮು ಹಚ್ಚಿಕೊಂಡಿದ್ದ. ಚಳಿ ಬಿದ್ದರೆ ಅವನ ಎದೆ ಸಿಳ್ಳೆ ಹಾಕುತ್ತಿತ್ತು. ಕಳೆದ ಚಳಿಗಾಲ ಅವನು ಬದುಕಿದ್ದೇ ಹೆಚ್ಚು. ಇನ್ನೊಂದನ್ನು ತಡೆಯಲಾರ ಎಂದು ವೈದ್ಯರು ಹೇಳಿದ್ದರು. ಅವನಿಗೆ ಬೆಚ್ಚನೆಯದು ಬೇಕಿತ್ತು. ಬಿಗಿಯಾದದ್ದು ಆಗುತ್ತಿರಲಿಲ್ಲ.

ಹೆಣಿಗೆ ಅವಳಿಗೂ ಹೊಸದು. ತಾಂಡೂರಿನಲ್ಲಿ ಸ್ಟೇಷನ್ ಮಾಸ್ತರರ ಹೆಂಡತಿಯಿಂದ ಕಲಿತದ್ದಷ್ಟೇ ಗೊತ್ತಿತ್ತು. ಕಲಿಯುವವರ ಸ್ವೆಟರಿಗೆ ತಿರುವು ಮುರುವು ಇಲ್ಲ. ಸೂಜಿಗೆ ಅರವತ್ತು ಕುಣಿಕೆ ಏರಿಸಿ, ಬೆನ್ನಿನ ಕೆಳಗಂಚಿನಿಂದ ಹೆಗಲವರೆಗೆ ನೆಟ್ಟಗೆ ಹೆಣೆಯಬೇಕು. ತಲೆ ತೂರಲು ನಡುವೆ ಸೀಳು ಬಿಟ್ಟು, ಎದೆಯ ಮೇಲಿಂದ ಕೆಳಗಿಳಿಯಬೇಕು. ಮಡಚಿ ಎರಡು ಬದಿ ಹೊಲಿದರೆ ಮುಗಿಯಿತು. ತೋಳಿಲ್ಲ. ತಕಲಿಯಲ್ಲಿ ನೂಲಲು ಹತ್ತು ದಿನ, ಬಿದಿರಿನ ಸೂಜಿಯಲ್ಲಿ ಹೆಣೆಯಲು ಒಂಬತ್ತು ದಿನ ಹಿಡಿಯಿತು. ದಾರ ಒಮ್ಮೆಯೂ ಕಡಿಯಲಿಲ್ಲ. ಒಳಮನೆಯಲ್ಲಿ ಮಾತ್ರ ಕುರಿಯ ಬೆವರಿನ ವಾಸನೆ ನಿಂತುಬಿಟ್ಟಿತು. ಬಾಗಿಲು ತೆರೆದಿಟ್ಟರೂ ಹೋಗಲಿಲ್ಲ.

ಮನ್ಮಥಪ್ಪನ ಎದೆಯ ಸುತ್ತಳತೆ ಮೂವತ್ತೆರಡು ಇಂಚು. ಸ್ವೆಟರ್ ನಲವತ್ತು.

“ಇದರಾಗ ನನ್ನ ಜೋಡಿ ನೀನೂ ಹಿಡಿಸ್ತಿ,” ಎಂದು ಅವನು ನಕ್ಕ.

“ಎಂಟು ಇಂಚು ನಿಮ್ಮ ಉಸಿರಿಗೆ ಬಿಟ್ಟೀನ್ರಿ.”

ಮೊದಲ ದಿನ ಅವನ ಎದೆ ಸಿಳ್ಳೆ ಹಾಕಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಗೂಟಕ್ಕೆ ತೂಗುಹಾಕಿದ್ದ ಸ್ವೆಟರ್ ಸಣ್ಣದಾದಂತೆ ಕಂಡಿತು. ಟೇಪು ಹಿಡಿದಳು. ಮೂವತ್ತೆಂಟು. ಕುಣಿಕೆ ಎಣಿಸಿದಳು. ಅರವತ್ತಕ್ಕೆ ಅರವತ್ತು ಇದ್ದವು. ಇಬ್ಬನಿಗೆ ಉಣ್ಣೆ ಕುಗ್ಗಿದೆ ಎಂದುಕೊಂಡಳು. ಮೂರನೆಯ ದಿನ ಮೂವತ್ತೈದು.

ಮನ್ಮಥಪ್ಪ ಅದನ್ನು ಕೈಯಲ್ಲಿ ಹಿಡಿದು ನಿಂತ. “ಇವತ್ತ ಬ್ಯಾಡ ಅನಸ್ತದ. ಇದು ಬಿಸಿ ಅದ ನೋಡು. ಮೈಯಾಗಿಂದು ತಗದಂಗ.”

“ಹೊರಗ ಮಂಜು ಬಿದ್ದದ. ಮರೆಮ್ಮ ಹೇಳಿದ ಮಾಟಕ್ಕ ಅಂಜಿ ದಮ್ಮಿಗಿ ಸಾಯ್ತೀರೇನು?” ಅವಳೇ ಅವನ ತಲೆಗೆ ತೂರಿಸಿದಳು.

ತಲೆ ಹೊರಗೆ ಬರಲಿಲ್ಲ.

ಸೀಳು ಮುಚ್ಚಿಕೊಂಡಿತ್ತು. ಕರಿ ಉಣ್ಣೆಯೊಳಗೆ ಅವನ ಬಾಯಿ ತೆರೆಯುವುದು, ಮುಚ್ಚುವುದು ಕಂಡಿತು. “ಕತ್ತಲ ಅದ,” ಎಂದ ಒಳಗಿನಿಂದ. “ಭಾಳ ದೂರ ತನಕ ಕತ್ತಲ ಅದ ಉಮಾ.” ಮನೆಯ ತುಂಬ ಬೆಳಗಿನ ಬಿಸಿಲಿತ್ತು.

ಅವಳು ಬದಿಯ ಹೊಲಿಗೆ ಹುಡುಕಿದಳು. ಹೊಲಿಗೆ ಇರಲಿಲ್ಲ. ಉಣ್ಣೆ ಕೂಡಿಕೊಂಡು ತೊಗಲಾಗಿತ್ತು. ಕತ್ತರಿ ಹಾಕಿದಳು. ಅವನು ಚೀರಿದ. ಕತ್ತರಿ ತಾಗಿದ ಕಡೆ ಉಣ್ಣೆಯಿಂದ ರಕ್ತ ಒಸರಿತು, ಎಳೆ ಕಡಿಯಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆ ಪಕ್ಕೆಲುಬಿಗೆ ಒತ್ತಿ, ಲಟಕ್ಕೆಂದು ಏನೋ ಮುರಿಯಿತು.

ಮರೆಮ್ಮ ಬಾಗಿಲಲ್ಲಿ ನಿಂತಿದ್ದಳು. ಉಣ್ಣೆ ಮರಳಿ ಕೇಳಲು ಬಂದವಳು.

“ಕೊನೀ ಗಂಟು ಬಿಚ್ರಿ,” ಎಂದಳು. “ಬಿಚ್ಚಿದ್ದನ್ನ ಜೀವ ಇದ್ದದ್ದಕ್ಕೇ ಸುತ್ತಬೇಕು. ನಾ ಕುರಿ ತರ್ತೀನಿ.”

“ಎಷ್ಟೊತ್ತು ಬೇಕು?”

“ಹಿಂಡು ಮೇಯಾಕ ಹೋಗ್ಯಾದ. ಎರಡು ತಾಸು.”

ಎರಡು ತಾಸು ಅವನು ತಡೆಯುವಂತಿರಲಿಲ್ಲ. ಮರೆಮ್ಮ ಓಡಿದಳು.

ಉಮಾಬಾಯಿ ಕೊನೆಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಎಳೆದಳು. ದಾರ ಬಂತು. ನೆಲಕ್ಕೆ ಬಿದ್ದದ್ದು ಹಾವಿನಂತೆ ಅವನ ಕಡೆಗೇ ತಿರುಗಿತು. ಒನಕೆಗೆ ಸುತ್ತಿದಳು. ಜಾರಿತು. ಅವಳು ಎಡಗೈ ನೋಡಿಕೊಂಡಳು. ಅದಕ್ಕೇ ಸುತ್ತಿದಳು. ದಾರ ನಿಂತಿತು.

ಎಳೆದಳು. ಸುತ್ತಿದಳು. ಒಂದು ಸಾಲು. ಹತ್ತು ಸಾಲು. ಬೆರಳು ಮರಗಟ್ಟಿದವು. ಎದೆ ಬಿಟ್ಟಿತು. ಗಂಟಲು ಬಿಟ್ಟಿತು. ಮುಖ ಬಂತು, ನೀಲಿ. ಅವಳು ನಿಲ್ಲಲಿಲ್ಲ. ಬೆನ್ನಿನ ಮೊದಲ ಕುಣಿಕೆ ಬಿಚ್ಚಿದಾಗ ಮನ್ಮಥಪ್ಪ ನೀರಿನಿಂದ ಮೇಲೆದ್ದವನಂತೆ ಉಸಿರು ಎಳೆದ.

ಮರೆಮ್ಮನೂ ಅವಳ ಗಂಡ ಕಾಶಪ್ಪನೂ ಕುರಿ ಹೊತ್ತು ಬಂದಾಗ ದಾರ ಉಮಾಬಾಯಿಯ ಮಾಂಸದೊಳಗೆ ಇಳಿದಿತ್ತು. ಮಣಿಕಟ್ಟಿನ ಕೆಳಗೆ ಕೈ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಹೊತ್ತು ಮೀರಿಲ್ರಿ,” ಎಂದ ಕಾಶಪ್ಪ. “ಕುರಿಗಿ ಇಳಿಸಿ ಬಿಡಮು. ಕೈ ಉಳೀತದ.”

ಕುರಿ ಅವಳನ್ನೇ ನೋಡುತ್ತಿತ್ತು.

“ಬಿಟ್ಟ ಮ್ಯಾಲೆ?”

“ಅದರ ಪಾಡಿಗಿ ಅದು ಮೇಯ್ತದ.”

“ಅದು ಸತ್ತ ದಿನ ನನ್ನಂಥಾಕಿ ಇನ್ನೊಬ್ಬಾಕಿ ಬರ್ತಾಳ ಕಾಶಪ್ಪ. ಆಕಿನೂ ನಿಮ್ಮ ಮಾತ ಕೇಳಂಗಿಲ್ಲ.” ಅವಳು ಎಡಗೈಯನ್ನು ಕುರಿಯಿಂದ ದೂರ ಹಿಡಿದಳು. “ಮಾಡಿಸಿದಂವಗ ಹೇಳಿ ಕಳಸ್ರಿ. ಅವನ ಮಾಟ ನನ್ನ ತನಕ ಬಂತು. ಮುಂದ ಹೋಗಂಗಿಲ್ಲ. ಕುರಿ ಒಯ್ರಿ.”

ಮರುದಿನ ಬೀದರಿನಲ್ಲಿ ಒಬ್ಬ ಡಾಕ್ಟರು ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಿದರು. ಕೈಗೆ ರಕ್ತ ಹರಿಯುವುದು ನಿಂತಿದೆ, ಕಾರಣ ತಿಳಿಯದು ಎಂದು ಕಾಗದದಲ್ಲಿ ಬರೆದರು. ತೆಗೆದ ಕೈಯನ್ನು ಉಮಾಬಾಯಿ ಬಟ್ಟೆಯಲ್ಲಿ ಕಟ್ಟಿಸಿಕೊಂಡಳು. ವಾರದ ನಂತರ ಊರ ಹೊರಗೆ ಕಾಶಪ್ಪ ಬೇವಿನ ಕಟ್ಟಿಗೆ ಒಟ್ಟಿದ. ಅವಳೇ ಬಲಗೈಯಿಂದ ಬೆಂಕಿ ಇಟ್ಟಳು.

ಉಣ್ಣೆ ಮೊದಲು ಹತ್ತಲಿಲ್ಲ. ಆಮೇಲೆ ಹತ್ತಿತು. ಬೆರಳುಗಳು ಬೆಂಕಿಯಲ್ಲಿ ನಿಧಾನವಾಗಿ ಮಡಚಿ, ಏನನ್ನೋ ಹಿಡಿಯುವಂತೆ ಅವಳ ಕಡೆ ಚಾಚಿದವು. ಮರೆಮ್ಮ ಮುಖ ತಿರುಗಿಸಿದಳು. ಉಮಾಬಾಯಿ ಒಂದು ಹೆಜ್ಜೆ ಮುಂದೆ ಬಂದು, ಕಟ್ಟಿಗೆಯಿಂದ ಅವನ್ನು ಒಳಕ್ಕೆ ತಳ್ಳಿದಳು.

ಪಕ್ಕದಲ್ಲಿ ಮನ್ಮಥಪ್ಪನ ಉಸಿರಾಟ ಕೇಳಿಸುತ್ತಿತ್ತು. ಬೂದಿ ತಣ್ಣಗಾಗುವವರೆಗೆ ಅವಳು ಅದನ್ನೇ ಎಣಿಸುತ್ತ ನಿಂತಳು.